ತಕ್ಕಡಿಯ ಆರ್‌ಎಸ್-232 ಪೋರ್ಟಿನಿಂದ ಫ್ಲಟರ್ ಆ್ಯಪ್‌ಗೆ ತೂಕ ತರುವುದು: ಓಟಿಜಿ, ಅನುಮತಿ, ಅರ್ಧಂಬರ್ಧ ಡೇಟಾ

ಡೈರಿ_ಕೋಡು

ಹಳ್ಳಿಯ ಹಾಲು ಸಂಗ್ರಹಣಾ ಕೇಂದ್ರಕ್ಕೆ ಫ್ಲಟರ್ (ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಕಟ್ಟುವ ಚೌಕಟ್ಟು) ಆ್ಯಪ್ ಬರೆಯುತ್ತಿದ್ದೇನೆ. ಎಲೆಕ್ಟ್ರಾನಿಕ್ ತಕ್ಕಡಿಯ ಹಿಂಭಾಗದಲ್ಲಿ 9 ಪಿನ್ನಿನ ಆರ್‌ಎಸ್-232 (ಹಳೇ ಬಗೆಯ ಸೀರಿಯಲ್) ಪೋರ್ಟ್ ಇದೆ. ಅಲ್ಲಿಂದ ಸಿಎಚ್340 ಚಿಪ್ಪಿನ ಯುಎಸ್‌ಬಿ ಕೇಬಲ್, ಅದಕ್ಕೆ ಟೈಪ್-ಸಿ ಓಟಿಜಿ ಅಡಾಪ್ಟರ್ (ಫೋನಿಗೆ ಯುಎಸ್‌ಬಿ ಸಾಧನ ಚುಚ್ಚಲು), ಕೊನೆಗೆ ಆಂಡ್ರಾಯ್ಡ್ 14 ಫೋನ್. ತೂಕವನ್ನು ಕೈಯಲ್ಲಿ ಟೈಪ್ ಮಾಡುವುದನ್ನು ತಪ್ಪಿಸುವುದಷ್ಟೇ ಉದ್ದೇಶ.

ತೊಂದರೆಗಳು: ಕೆಲವೊಮ್ಮೆ ಸಾಧನಗಳ ಪಟ್ಟಿ ಖಾಲಿ ಬರುತ್ತದೆ. ಪಟ್ಟಿಯಲ್ಲಿ ಕಂಡಾಗ ಅನುಮತಿ ಕೇಳುವ ಡಬ್ಬಿ ಬರುತ್ತದೆ, ‘ಸರಿ’ ಒತ್ತಿದರೂ ಕೋಡಿಗೆ ಸಿಗುವ ಉತ್ತರ ಮಾತ್ರ ‘ಇಲ್ಲ’. ಪರೀಕ್ಷೆಗೆಂದು ಹಳೇ ಫೋನಿನಲ್ಲಿ ಹಾಕಿದರೆ ಅನುಮತಿ ಸಿಗುತ್ತದೆ, ಆದರೆ ತೂಕದ ಕೆಲವು ಅಂಕಿ ಸರಿ, ಕೆಲವು ಕಸ. ಪರದೆ ಆರಿದ ಸ್ವಲ್ಪ ಹೊತ್ತಿಗೆ ಓದುವುದೇ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಮಾಡುವಂತೆ ಟಿಟಿವೈ-ಯುಎಸ್‌ಬಿ ಫೈಲನ್ನು (ಸೀರಿಯಲ್ ಪೋರ್ಟನ್ನು ಫೈಲಿನಂತೆ ತೋರಿಸುವುದು) ನೇರ ತೆರೆದು ಓದಲು ದಾರಿ ಇದೆಯೇ? ಐಫೋನ್ ಇರುವವರಿಗೂ ಇದನ್ನು ಕೊಡಬಹುದೇ?

ತಂತಿಗಂಟು

ಕೋಡ್ ಮುಟ್ಟುವ ಮೊದಲು ಮಲ್ಟಿಮೀಟರ್ ತೆಗೆಯಿರಿ. ಇಂಥ ಪ್ರಶ್ನೆಗಳಲ್ಲಿ ಅರ್ಧ ತಂತಿಯಲ್ಲೇ ಬಗೆಹರಿಯುತ್ತವೆ.

‘ಯುಎಸ್‌ಬಿ ಸೀರಿಯಲ್’ ಎಂಬ ಒಂದೇ ಹೆಸರಿನಲ್ಲಿ ಅಂಗಡಿಯಲ್ಲಿ ಎರಡು ಬೇರೆ ವಸ್ತು ಮಾರುತ್ತಾರೆ. ಒಂದಕ್ಕೆ 9 ಪಿನ್ನಿನ ಕನೆಕ್ಟರ್ ಇದ್ದು, ಒಳಗೆ ವೋಲ್ಟೇಜ್ ಬದಲಿಸುವ ಚಿಪ್ ಇರುತ್ತದೆ. ಇನ್ನೊಂದು ಬೆರಳಗಲದ ಬೋರ್ಡು, 5 ಅಥವಾ 3.3 ವೋಲ್ಟಿನ ಟಿಟಿಎಲ್ ಮಟ್ಟದ್ದು. ಆರ್‌ಎಸ್-232 ಗೆರೆ ಸುಮ್ಮನಿದ್ದಾಗ ಋಣ ವೋಲ್ಟೇಜಿನಲ್ಲಿ, ಅಂದರೆ -3ರಿಂದ -15 ವೋಲ್ಟ್ ನಡುವೆ ಇರುತ್ತದೆ. ಟಿಟಿಎಲ್ ಗೆರೆ ಸುಮ್ಮನಿದ್ದಾಗ ಧನ ವೋಲ್ಟೇಜಿನಲ್ಲಿರುತ್ತದೆ. ಎರಡನ್ನೂ ನೇರ ಕೂಡಿಸಿದರೆ ಬಿಟ್‌ಗಳೆಲ್ಲ ತಲೆಕೆಳಗಾಗಿ ಕಸ ಬರುತ್ತದೆ, ಅದೃಷ್ಟ ಕೆಟ್ಟಿದ್ದರೆ ಚಿಪ್ಪೇ ಸುಡುತ್ತದೆ. ಬೋರ್ಡನ್ನೇ ಬಳಸಬೇಕೆಂದರೆ ನಡುವೆ ಮ್ಯಾಕ್ಸ್3232 ಎಂಬ ವೋಲ್ಟೇಜ್ ಬದಲಿಸುವ ಚಿಪ್ ಇರಲೇಬೇಕು.

ಪಿನ್ನುಗಳಲ್ಲಿ ಬೇಕಾದ್ದು ಮೂರೇ: 2, 3, 5. ಐದನೆಯದು ಗ್ರೌಂಡ್. ಅಡಾಪ್ಟರ್ ಕಡೆಯಲ್ಲಿ 2 ಸ್ವೀಕರಿಸುವುದು, 3 ಕಳುಹಿಸುವುದು. ತಕ್ಕಡಿ ಕಡೆ ಹೇಗಿದೆ ಎಂದು ಊಹಿಸಬೇಡಿ. ಎರಡನ್ನೂ ಬೇರ್ಪಡಿಸಿ ತಕ್ಕಡಿಗೆ ಮಾತ್ರ ಕರೆಂಟ್ ಕೊಟ್ಟು, 5ಕ್ಕೆ ಕಪ್ಪು ಪ್ರೋಬ್ ಇಟ್ಟು 2 ಮತ್ತು 3ನ್ನು ಒಂದೊಂದಾಗಿ ಅಳೆಯಿರಿ. ಯಾವುದರಲ್ಲಿ -5ರಿಂದ -12ರ ಆಸುಪಾಸು ಕಾಣುತ್ತದೋ ಅದೇ ತಕ್ಕಡಿ ಮಾತಾಡುವ ತಂತಿ. ಅದು ಅಡಾಪ್ಟರಿನ 2ಕ್ಕೆ ಬರಬೇಕು. ತಕ್ಕಡಿಯಲ್ಲೂ ಅದು 3 ಆಗಿದ್ದರೆ ನಡುವೆ 2-3 ಅದಲುಬದಲಾದ ನಲ್-ಮೋಡೆಮ್ ಕೇಬಲ್ ಬೇಕು.

ಇನ್ನೊಂದು ಪರೀಕ್ಷೆ: ತಕ್ಕಡಿ ಕಳಚಿ, ಅಡಾಪ್ಟರಿನ 2 ಮತ್ತು 3ನ್ನು ಒಂದು ತುಂಡು ತಂತಿಯಿಂದ ಕೂಡಿಸಿ, ಯಾವುದಾದರೂ ಸೀರಿಯಲ್ ಟರ್ಮಿನಲ್ ಆ್ಯಪ್‌ನಿಂದ ನಾಲ್ಕು ಅಕ್ಷರ ಕಳುಹಿಸಿ. ಅದೇ ನಾಲ್ಕು ಮರಳಿ ಬಂದರೆ ಫೋನ್, ಓಟಿಜಿ, ಚಿಪ್ ಮೂರೂ ಸರಿ.

ತಕ್ಕಡಿಯ ಡಬ್ಬಿ ಬಿಚ್ಚಿ ಒಳಗೆ ಬೆಸುಗೆ ಹಾಕುವ ಯೋಚನೆ ಇದ್ದರೆ ಬಿಡಿ. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರದ ಮುದ್ರೆ ಇರುತ್ತದೆ. ಮುದ್ರೆ ಒಡೆದರೆ ಆ ತಕ್ಕಡಿಯಲ್ಲಿ ಹಾಲು ತೂಗುವಂತಿಲ್ಲ. ಹೊರಗಿನ ಪೋರ್ಟ್ ಮಾತ್ರ ಮುಟ್ಟಿ.

ಡೈರಿ_ಕೋಡು

9 ಪಿನ್ನಿನ ಕನೆಕ್ಟರ್ ಇರುವ ಕೇಬಲ್ಲೇ. 2-3 ಕೂಡಿಸಿದಾಗ ಅಕ್ಷರಗಳು ಸರಿಯಾಗಿ ಮರಳಿದವು. ತಕ್ಕಡಿಯ 2ರಲ್ಲಿ -8 ವೋಲ್ಟ್.

ಮಲೆನಾಡ_ಕೋಡಿಗ

ಹಾಗಾದರೆ ನೇರ ಕೇಬಲ್ ಸಾಕು, ತಂತಿಯ ಕಥೆ ಮುಗಿಯಿತು. ಖಾಲಿ ಪಟ್ಟಿ ಮತ್ತು ಅನುಮತಿಗೆ ಬರೋಣ.

ಪಟ್ಟಿ ಖಾಲಿ ಎಂದರೆ ಫೋನ್ ಹೋಸ್ಟ್ ಆಗಿಲ್ಲ. ಟೈಪ್-ಸಿ ಪ್ಲಗ್ಗಿನ ಸಿಸಿ (ಯಾವ ಬಗೆಯ ಜೋಡಣೆ ಎಂದು ತಿಳಿಸುವ) ಪಿನ್ನಿನಲ್ಲಿ 5.1 ಕಿಲೋ ಓಮ್ ರೆಸಿಸ್ಟರ್ ಗ್ರೌಂಡಿಗೆ ಎಳೆದಿದ್ದರೆ ಮಾತ್ರ ಫೋನ್ ‘ನಾನು ಯಜಮಾನ’ ಎಂದು ತಿಳಿದು 5 ವೋಲ್ಟ್ ಹೊರಗೆ ಕೊಡುತ್ತದೆ. ಚಾರ್ಜಿಂಗ್ ಕೇಬಲ್‌ಗಳಲ್ಲಿ ಇರುವುದು ಬೇರೆ, 56 ಕಿಲೋ ಓಮ್ ಮೇಲಕ್ಕೆ ಎಳೆದದ್ದು. ಚಾರ್ಜಿಂಗ್ ಕೇಬಲ್ಲಿಗೆ ಹೆಣ್ಣು-ಹೆಣ್ಣು ಜೋಡಕ ಹಾಕಿ ಓಟಿಜಿ ಮಾಡಲು ಹೊರಟರೆ ಅದಕ್ಕೇ ಆಗುವುದಿಲ್ಲ. ಅಡಾಪ್ಟರ್ ಸರಿ ಇದ್ದೂ ‘ಕೆಲವೊಮ್ಮೆ’ ಮಾತ್ರ ಖಾಲಿ ಎಂದರೆ ಸೆಟ್ಟಿಂಗ್ ನೋಡಿ: ಕೆಲವು ಕಂಪನಿಗಳ ಫೋನ್‌ಗಳಲ್ಲಿ ಓಟಿಜಿಗೆ ಪ್ರತ್ಯೇಕ ಸ್ವಿಚ್ ಇದೆ, 10 ನಿಮಿಷ ಏನೂ ಚುಚ್ಚದಿದ್ದರೆ ತಾನೇ ಆರುತ್ತದೆ. ಇದನ್ನು ಕೋಡಿನಿಂದ ಹೊತ್ತಿಸಲಾಗದು. ಪಟ್ಟಿ ಖಾಲಿ ಬಂದಾಗ ‘ಓಟಿಜಿ ಸ್ವಿಚ್ ನೋಡಿ’ ಎಂಬ ಸಾಲನ್ನು ಆ್ಯಪ್ ತೋರಿಸಲಿ.

ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ನ ಅಗತ್ಯಗಳನ್ನು ಬರೆಯುವ ಫೈಲ್) ಯುಎಸ್‌ಬಿ ಹೋಸ್ಟ್ ಫೀಚರ್ ಘೋಷಿಸಿ. ಈ ಎಪಿಐ ಆಂಡ್ರಾಯ್ಡ್ 3.1ರಿಂದ, ಅಂದರೆ ಮಟ್ಟ 12ರಿಂದ ಇದೆ, ಹಳೇ ಫೋನಿನ ಚಿಂತೆ ಬೇಡ. ಜೊತೆಗೆ ಡಿವೈಸ್ ಫಿಲ್ಟರ್ ಎಂಬ ಎಕ್ಸ್‌ಎಂಎಲ್ ಫೈಲ್ ಬೇಕು. ಅದರಲ್ಲಿ ತಯಾರಕರ ಸಂಖ್ಯೆ, ಉತ್ಪನ್ನದ ಸಂಖ್ಯೆಗಳನ್ನು ದಶಮಾನದಲ್ಲಿ ಬರೆಯಿರಿ. ಡೇಟಾಶೀಟಿನಲ್ಲಿ ಇರುವುದು ಹದಿನಾರರ ಮಾನದಲ್ಲಿ, ಅದನ್ನೇ ಮುಂದೆ 0x ಇಲ್ಲದೆ ಹಾಗೇ ತುಂಬಿದರೆ ಏನೂ ಹೊಂದುವುದಿಲ್ಲ. ಸಾಮಾನ್ಯ ಚಿಪ್ಪುಗಳು:

ಸಿಎಚ್340: 6790 / 29987
ಎಫ್‌ಟಿ232ಆರ್: 1027 / 24577
ಸಿಪಿ2102: 4292 / 60000
ಪಿಎಲ್2303: 1659 / 8963

ನಾಲ್ಕನ್ನೂ ಹಾಕಿಡಿ. ಮುಂದಿನ ವರ್ಷ ಕೇಬಲ್ ಬದಲಾದಾಗ ಯಾವ ಚಿಪ್ ಬರುತ್ತದೋ ಬಲ್ಲವರಾರು.

ಈಗ ‘ಸರಿ’ ಒತ್ತಿದರೂ ‘ಇಲ್ಲ’ ಏಕೆ. ಅನುಮತಿ ಕೇಳುವಾಗ ಕೊಟ್ಟ ಪೆಂಡಿಂಗ್‌ಇಂಟೆಂಟ್‌ಗೆ (ವ್ಯವಸ್ಥೆ ಉತ್ತರ ಹೊತ್ತು ಮರಳಿಸುವ ಸಂದೇಶ) ಇಮ್ಮ್ಯೂಟಬಲ್ (ಬದಲಿಸಲಾಗದು) ಫ್ಲ್ಯಾಗ್ ಹಾಕಿದ್ದೀರಿ, ಅಲ್ಲವೇ? ಆಂಡ್ರಾಯ್ಡ್ 12 ಗುರಿಯಾದಾಗಿನಿಂದ ಇಮ್ಮ್ಯೂಟಬಲ್, ಮ್ಯೂಟಬಲ್ (ಬದಲಿಸಬಹುದು) ಎರಡರಲ್ಲಿ ಒಂದು ಫ್ಲ್ಯಾಗ್ ಕಡ್ಡಾಯ. ಇಮ್ಮ್ಯೂಟಬಲ್ ಸುರಕ್ಷಿತ ಎಂದು ಎಲ್ಲೆಡೆ ಬರೆದಿರುವುದರಿಂದ ಎಲ್ಲರೂ ಅದನ್ನೇ ಹಾಕುತ್ತಾರೆ. ಆದರೆ ಇಲ್ಲಿ ಉತ್ತರವನ್ನು ಆ ಇಂಟೆಂಟ್ ಒಳಗೇ ವ್ಯವಸ್ಥೆ ತುಂಬಿ ಕಳುಹಿಸಬೇಕು: ಯಾವ ಸಾಧನ, ಅನುಮತಿ ಸಿಕ್ಕಿತೋ ಇಲ್ಲವೋ. ಬದಲಿಸಲಾಗದ ಇಂಟೆಂಟ್‌ನಲ್ಲಿ ತುಂಬುವುದೆಲ್ಲಿಂದ? ಸಾಧನ ನಲ್ ಆಗಿ, ಅನುಮತಿ ಪೂರ್ವನಿಯೋಜಿತ ‘ಸುಳ್ಳು’ ಆಗಿ ಬರುತ್ತದೆ. ಅನುಮತಿ ನಿಜಕ್ಕೂ ಸಿಕ್ಕಿರುತ್ತದೆ, ನಿಮಗೆ ಸುದ್ದಿ ತಲುಪಿರುವುದಿಲ್ಲ ಅಷ್ಟೇ. ಹ್ಯಾಸ್‌ಪರ್ಮಿಷನ್ ಕರೆದು ನೋಡಿ, ಗೊತ್ತಾಗುತ್ತದೆ. ಹಳೇ ಫೋನ್ 12ಕ್ಕಿಂತ ಹಿಂದಿನದಾಗಿದ್ದು, ಫ್ಲ್ಯಾಗನ್ನು ಆವೃತ್ತಿ ನೋಡಿ ಹಾಕುವ ಕೋಡ್ ಬರೆದಿದ್ದರೆ ಅಲ್ಲಿ ಕೆಲಸವಾಗುವುದು ಇದರಿಂದಲೇ.

ಮ್ಯೂಟಬಲ್ ಮಾಡಿದ ಕೂಡಲೇ ಆಂಡ್ರಾಯ್ಡ್ 14 ಇನ್ನೊಂದು ಗೋಡೆ ಎಬ್ಬಿಸುತ್ತದೆ: ಯಾರಿಗೆಂದು ಹೇಳದ ಇಂಟೆಂಟ್ ಅನ್ನು ಮ್ಯೂಟಬಲ್ ಮಾಡಿದರೆ ಆ್ಯಪ್ ಬೀಳುತ್ತದೆ. ಸೆಟ್‌ಪ್ಯಾಕೇಜ್ ಕರೆದು ನಿಮ್ಮದೇ ಪ್ಯಾಕೇಜ್ ಹೆಸರು ಕೊಡಿ. ರಿಸೀವರ್ ನೋಂದಾಯಿಸುವಾಗಲೂ 14ರಲ್ಲಿ ಎಕ್ಸ್‌ಪೋರ್ಟೆಡ್ ಅಥವಾ ನಾಟ್-ಎಕ್ಸ್‌ಪೋರ್ಟೆಡ್ ಎಂದು ಹೇಳಲೇಬೇಕು. ಇಲ್ಲಿ ನಾಟ್-ಎಕ್ಸ್‌ಪೋರ್ಟೆಡ್ ಸಾಕು. ಮ್ಯೂಟಬಲ್, ಸೆಟ್‌ಪ್ಯಾಕೇಜ್, ನಾಟ್-ಎಕ್ಸ್‌ಪೋರ್ಟೆಡ್: ಮೂರೂ ಒಟ್ಟಿಗೆ ಇರಬೇಕು.

ಇಷ್ಟೆಲ್ಲ ಬೇಡವೆಂದರೆ ಸುಲಭ ದಾರಿಯೂ ಇದೆ. ‘ಯುಎಸ್‌ಬಿ ಸಾಧನ ಜೋಡಣೆಯಾಯಿತು’ ಎಂಬ ಇಂಟೆಂಟ್ ಫಿಲ್ಟರನ್ನು ಆ್ಯಕ್ಟಿವಿಟಿಗೆ ಕೊಟ್ಟು, ಮೇಲಿನ ಡಿವೈಸ್ ಫಿಲ್ಟರ್ ಜೋಡಿಸಿ. ಕೇಬಲ್ ಚುಚ್ಚಿದಾಗ ಯಾವ ಆ್ಯಪ್ ತೆರೆಯಲಿ ಎಂದು ಫೋನೇ ಕೇಳುತ್ತದೆ. ಬಳಕೆದಾರ ಒಮ್ಮೆ ‘ಯಾವಾಗಲೂ’ ಎಂದು ಗುರುತು ಹಾಕಿದರೆ ಮುಂದಿನ ಸಲದಿಂದ ಅನುಮತಿ ತಾನಾಗಿ ಬರುತ್ತದೆ. ಕೋಡಿನಿಂದ ಕೇಳಿದ ಅನುಮತಿಯಾದರೋ ಕೇಬಲ್ ಕಿತ್ತ ಕೂಡಲೇ ಮುಗಿಯಿತು. ಬೆಳಿಗ್ಗೆ 6ಕ್ಕೆ ಸಾಲುಗಟ್ಟಿ ನಿಂತವರ ಮುಂದೆ ಡಬ್ಬಿ ಒತ್ತುತ್ತ ಕೂರುವುದು ಬೇಡವೆಂದರೆ ಇದೇ ಸರಿಯಾದ ದಾರಿ.

ಸೊನ್ನೆಒಂದು

ಇಷ್ಟು ಸರ್ಕಸ್ ಯಾಕೆ? ಫೋನ್ ರೂಟ್ ಮಾಡಿ (ಪೂರ್ಣ ಅಧಿಕಾರ ಪಡೆದು) ಟಿಟಿವೈ ಫೈಲಿಗೆ 666 ಅನುಮತಿ (ಯಾರು ಬೇಕಾದರೂ ಓದಿ ಬರೆಯಬಹುದು) ಕೊಟ್ಟು ಎನ್‌ಡಿಕೆಯಿಂದ (ಆಂಡ್ರಾಯ್ಡ್‌ನ ಸಿ ಭಾಷಾ ಕಿಟ್) ನೇರ ಓದಿ. ಲಿನಕ್ಸ್ ತಾನೇ ಒಳಗಿರುವುದು.

ಮಲೆನಾಡ_ಕೋಡಿಗ

ಲಿನಕ್ಸ್ ಹೌದು, ನಿಮ್ಮ ಲ್ಯಾಪ್‌ಟಾಪಿನ ಲಿನಕ್ಸ್ ಅಲ್ಲ. ಮೊದಲನೆಯದಾಗಿ, ಸಿಎಚ್341 ಡ್ರೈವರ್ (ಸಿಎಚ್340ಕ್ಕೂ ಇದೇ) ಆ ಫೋನಿನ ಕರ್ನಲ್‌ನಲ್ಲಿ ಸೇರಿಲ್ಲದಿದ್ದರೆ ಟಿಟಿವೈ ಫೈಲ್ ಹುಟ್ಟುವುದೇ ಇಲ್ಲ. ಹುಟ್ಟಿದರೂ ಆಂಡ್ರಾಯ್ಡ್ 5.0ರಿಂದ ಎಸ್‌ಇಲಿನಕ್ಸ್ ಎಂಬ ಭದ್ರತಾ ನಿಯಮಗಳ ಪದರ ಪೂರ್ತಿ ಜಾರಿಯಲ್ಲಿದೆ. ಫೈಲಿನ ಅನುಮತಿ 666 ಆದರೂ ಸಾಮಾನ್ಯ ಆ್ಯಪ್‌ನ ವಲಯಕ್ಕೆ ಅದನ್ನು ಮುಟ್ಟುವ ನಿಯಮವಿಲ್ಲ. ನಿಯಮವನ್ನೂ ಸಡಿಲಿಸಿದಿರಿ ಅನ್ನಿ, ಅದೇ ಫೋನಿನಲ್ಲಿ ಕಾರ್ಯದರ್ಶಿಯ ಬ್ಯಾಂಕ್ ಆ್ಯಪ್ ರೂಟ್ ಕಂಡು ತೆರೆಯಲು ನಿರಾಕರಿಸುತ್ತದೆ. ಹಳ್ಳಿಗೆ ಹೋಗಿ ಹತ್ತು ಫೋನ್ ರೂಟ್ ಮಾಡಿ ಬರುವವರು ಯಾರು?

ಆಂಡ್ರಾಯ್ಡ್ ಕೊಡುವುದು ಚಿಪ್ಪಿನ ಕಚ್ಚಾ ಯುಎಸ್‌ಬಿ ಹಿಡಿಕೆ ಮಾತ್ರ. ಡ್ರೈವರ್ ನಿಮ್ಮ ಆ್ಯಪ್ ಒಳಗೇ ಇರಬೇಕು. ಸಿ ಭಾಷೆಯೇ ಬೇಕೆಂದರೆ ಜಾವಾ ಕಡೆಯಿಂದ ಅನುಮತಿ ಪಡೆದು, ಸಾಧನ ತೆರೆದು, ಗೆಟ್‌ಫೈಲ್‌ಡಿಸ್ಕ್ರಿಪ್ಟರ್ ಕೊಡುವ ಸಂಖ್ಯೆಯನ್ನು ಲಿಬ್‌ಯುಎಸ್‌ಬಿ ಎಂಬ ಸಿ ಲೈಬ್ರರಿಯ ರ‍್ಯಾಪ್-ಸಿಸ್-ಡಿವೈಸ್ ಕ್ರಿಯೆಗೆ ದಾಟಿಸಬಹುದು. ಅದು 1.0.23 ಆವೃತ್ತಿಯಿಂದ ಇದೆ. ಲಿಬ್‌ಯುಎಸ್‌ಬಿ ಶುರುವಾಗುವ ಮೊದಲೇ ‘ಸಾಧನ ಹುಡುಕಬೇಡ’ ಎಂಬ ಆಯ್ಕೆ ಹಾಕಿ. ಹಾಕದಿದ್ದರೆ ಅದು ಬಸ್ ಜಾಲಾಡಲು ಹೋಗಿ, ಅನುಮತಿ ಇಲ್ಲದೆ ಆರಂಭದಲ್ಲೇ ಸೋಲುತ್ತದೆ. ಆದರೆ 9600 ಬಾಡಿನ (ಸೆಕೆಂಡಿಗೆ 9600 ಬಿಟ್) ತಕ್ಕಡಿಗೆ ಇದು ಅತಿಯಾಯಿತು. ಕೋಟ್ಲಿನ್ (ಆಂಡ್ರಾಯ್ಡ್ ಆ್ಯಪ್‌ಗಳ ಭಾಷೆ) ಕಡೆ ಯುಎಸ್‌ಬಿ-ಸೀರಿಯಲ್-ಫಾರ್-ಆಂಡ್ರಾಯ್ಡ್ ಎಂಬ ಮುಕ್ತ ಲೈಬ್ರರಿ ಇದೆ, ಮೇಲಿನ ನಾಲ್ಕೂ ಚಿಪ್ಪು ಅದಕ್ಕೆ ಗೊತ್ತು.

ಸೊನ್ನೆಒಂದು

ಬ್ಯಾಂಕ್ ಆ್ಯಪ್ ವಿಷಯ ಒಪ್ಪಿದೆ. ಆದರೆ ಸಿ ಕೋಡ್ ಸೇರಿಸುವವರು ಒಂದು ಗಮನಿಸಿ: ಆಂಡ್ರಾಯ್ಡ್ 15ರಿಂದ 16 ಕೆಬಿ ಮೆಮೊರಿ ಪುಟದ ಫೋನ್‌ಗಳಿಗೆ ಬೆಂಬಲ ಬಂದಿದೆ, 2025ರ ನವೆಂಬರ್ 1ರಿಂದ ಪ್ಲೇ ಸ್ಟೋರ್ ಅದನ್ನು ಕಡ್ಡಾಯ ಮಾಡಿದೆ. ಎನ್‌ಡಿಕೆ ಆರ್28 ಆದರೆ ತಾನಾಗಿ ಹೊಂದಿಸುತ್ತದೆ. ಹಿಂದಿನದಾದರೆ ಲಿಂಕರಿಗೆ ಗರಿಷ್ಠ ಪುಟದ ಅಳತೆ 16384 ಎಂದು ನೀವೇ ಹೇಳಬೇಕು. ಬೇರೆಯವರ ಪ್ಲಗಿನ್ ಒಳಗೆ ಅಡಗಿರುವ ಹಳೇ ಎಸ್‌ಒ (ಸಿ ಕೋಡಿನ) ಫೈಲ್‌ಗಳೂ ಇದರಲ್ಲಿ ಸಿಕ್ಕಿಬೀಳುತ್ತವೆ.

ಬಫರ್_ಬಸಣ್ಣ

‘ಕೆಲವು ಅಂಕಿ ಸರಿ, ಕೆಲವು ಕಸ’ ಎಂದಿರಲ್ಲ, ಯಾವ ಅಂಕಿಗಳು ಸರಿ ಎಂದು ಬರೆದಿಡಿ. 0, 3, 5, 6, 9 ಸರಿಯಾಗಿ ಬಂದು 1, 2, 4, 7, 8 ಮಾತ್ರ ಕೆಡುತ್ತಿದ್ದರೆ ತಕ್ಕಡಿ 7 ಬಿಟ್, ಸಮ ಪ್ಯಾರಿಟಿಯಲ್ಲಿ (ಒಂದುಗಳ ಎಣಿಕೆ ಸಮವಾಗುವಂತೆ ಒಂದು ಬಿಟ್ ಸೇರಿಸಿ) ಕಳುಹಿಸುತ್ತಿದೆ, ನೀವು 8 ಬಿಟ್, ಪ್ಯಾರಿಟಿ ಇಲ್ಲದೆ ಓದುತ್ತಿದ್ದೀರಿ.

ಲೆಕ್ಕ ಸರಳ. ‘0’ ಅಕ್ಷರದ ಸಂಕೇತ 48, ಅದರಲ್ಲಿ ಎರಡು ಒಂದುಗಳಿವೆ, ಪ್ಯಾರಿಟಿ ಬಿಟ್ 0, ಆದ್ದರಿಂದ 48 ಆಗಿಯೇ ಓದಿಸಿಕೊಳ್ಳುತ್ತದೆ. ‘1’ರ ಸಂಕೇತ 49, ಮೂರು ಒಂದುಗಳು, ಪ್ಯಾರಿಟಿ ಬಿಟ್ 1. ಆ ಬಿಟ್ಟನ್ನು ನೀವು ಎಂಟನೆಯ ಡೇಟಾ ಬಿಟ್ ಎಂದು ಓದಿದರೆ 49ಕ್ಕೆ 128 ಸೇರಿ 177 ಆಗುತ್ತದೆ, ಪರದೆಯಲ್ಲಿ ಚೌಕವೋ ವಿಚಿತ್ರ ಚಿಹ್ನೆಯೋ ಕಾಣುತ್ತದೆ. ಬೆಸ ಪ್ಯಾರಿಟಿ ಆಗಿದ್ದರೆ ಕೆಡುವ ಗುಂಪು ಅದಲುಬದಲು. ಪೋರ್ಟ್ ಸೆಟ್ಟಿಂಗ್ ಬದಲಿಸಿ. ಓದಿದ ಮೇಲೆ ಪ್ರತಿ ಬೈಟನ್ನು 127ರೊಂದಿಗೆ ‘ಆ್ಯಂಡ್’ ಮಾಡಿದರೂ ಅಂಕಿ ಸರಿಹೋಗುತ್ತದೆ, ಆದರೆ ಅದು ತೇಪೆ, ಪ್ಯಾರಿಟಿ ಇರುವುದೇ ತಪ್ಪು ಹಿಡಿಯಲು. ಎಲ್ಲ ಅಂಕಿಯೂ ಕಸವಾದರೆ ಬಾಡ್ ದರ ತಪ್ಪು: 9600, 4800, 2400, 1200 ಈ ಕ್ರಮದಲ್ಲಿ ನೋಡಿ.

ಡೈರಿ_ಕೋಡು

ಹೌದು, 3, 5, 6 ಸರಿ. 1, 2, 4 ಕಸ. 7 ಬಿಟ್ ಸಮ ಪ್ಯಾರಿಟಿಗೆ ಬದಲಿಸಿದ ಕೂಡಲೇ ಎಲ್ಲ ಓದುತ್ತಿದೆ. ಮ್ಯೂಟಬಲ್ ಕೂಡ ಹಾಕಿದೆ, ಹೊಸ ಫೋನಿನಲ್ಲಿ ಅನುಮತಿ ಬಂತು. ಈಗ 12.350 ಬರಬೇಕಾದಲ್ಲಿ ಒಮ್ಮೊಮ್ಮೆ ‘12.’ ಬಂದು, ಮುಂದಿನ ಓದಿನಲ್ಲಿ ‘350’ ಬರುತ್ತದೆ.

ಬಫರ್_ಬಸಣ್ಣ

ಅದು ದೋಷವಲ್ಲ, ಸೀರಿಯಲ್ಲಿನ ಸ್ವಭಾವ. ಒಂದು ‘ಓದು’ ಎಂದರೆ ಒಂದು ಸಾಲು ಎಂಬ ಒಪ್ಪಂದ ಎಲ್ಲೂ ಇಲ್ಲ. 9600 ಬಾಡಿನಲ್ಲಿ, ಪ್ರತಿ ಬೈಟಿಗೆ ಶುರು-ಕೊನೆ-ಪ್ಯಾರಿಟಿ ಸೇರಿ 10 ಬಿಟ್ ಆದರೆ, ಸೆಕೆಂಡಿಗೆ 960 ಬೈಟ್. 18 ಬೈಟಿನ ಒಂದು ಸಾಲು ಬರಲು ಸುಮಾರು 19 ಮಿಲಿಸೆಕೆಂಡ್. ನಡುವೆ ಯುಎಸ್‌ಬಿ ಪ್ಯಾಕೆಟ್ ಹೊರಟರೆ ಸಾಲು ಎರಡಾಗಿ ಒಡೆಯುತ್ತದೆ.

ಬಂದ ಬೈಟ್‌ಗಳನ್ನೆಲ್ಲ ಒಂದು ಬಫರಿಗೆ ಸುರಿಯಿರಿ. 10 ಸಂಖ್ಯೆಯ ಬೈಟ್, ಅಂದರೆ ಸಾಲಿನ ಕೊನೆ, ಕಂಡಾಗ ಅಲ್ಲಿವರೆಗಿನದನ್ನು ಕತ್ತರಿಸಿ, ಹಿಂದಿನ 13ನ್ನು ತೆಗೆದು ಬಿಡಿಸಿ. ಕೆಲವು ತಕ್ಕಡಿಗಳು ಸಾಲಿನ ಬದಲು 2ರಿಂದ ಶುರು ಮಾಡಿ 3ರಿಂದ ಮುಗಿಸುತ್ತವೆ. ಮೊದಲು ಕಚ್ಚಾ ಬೈಟ್‌ಗಳನ್ನು ಸಂಖ್ಯೆಯಾಗಿ ಲಾಗ್ ಮಾಡಿ ನೋಡಿದರೆ ಊಹೆಯ ಕೆಲಸವಿಲ್ಲ. ಬಫರಿಗೆ ಒಂದು ಮಿತಿ ಇರಲಿ, 256 ದಾಟಿದರೂ ಸಾಲು ಮುಗಿಯದಿದ್ದರೆ ಖಾಲಿ ಮಾಡಿ. ಆ್ಯಪ್ ತೆರೆದಾಗ ಸಿಗುವ ಮೊದಲ ಸಾಲನ್ನು ನಂಬಬೇಡಿ, ಅದು ಮಧ್ಯದಿಂದ ಶುರುವಾಗಿರುತ್ತದೆ: ‘12.350’ ಹೋಗಿ ‘2.350’ ಸಿಕ್ಕರೆ ಅದೂ ಸಿಂಧುವಾದ ಸಂಖ್ಯೆಯೇ, ಹತ್ತು ಕಿಲೋ ಹಾಲು ಗಾಳಿಗೆ ಹೋಯಿತು.

ಓದುವಾಗ ಕಾಲಮಿತಿ ಹಾಕಬೇಡಿ. ಬಲ್ಕ್‌ಟ್ರಾನ್ಸ್‌ಫರ್‌ಗೆ (ಯುಎಸ್‌ಬಿಯಿಂದ ಡೇಟಾ ತರುವ ಕರೆ) ಚಿಕ್ಕ ಕಾಲಮಿತಿ ಕೊಟ್ಟರೆ, ಅದು ಮುಗಿಯುವ ಹೊತ್ತಿಗೆ ಬಂದ ಬೈಟ್‌ಗಳು ಕಳೆದುಹೋಗಬಹುದು. ಮೇಲೆ ಹೇಳಿದ ಲೈಬ್ರರಿಯಲ್ಲಿ ಕಾಲಮಿತಿ 0 ಇಟ್ಟು, ಅದರದೇ ಓದುವ ಥ್ರೆಡ್ ಬಳಸಿ.

ನಾಳೆ ಎಫ್‌ಟಿಡಿಐ ಕಂಪನಿಯ ಚಿಪ್ (ಎಫ್‌ಟಿ232ಆರ್‌ನಂಥದ್ದು) ಸಿಕ್ಕಿ, ಲೈಬ್ರರಿ ಬಿಟ್ಟು ನೀವೇ ಬಲ್ಕ್‌ಟ್ರಾನ್ಸ್‌ಫರ್ ಬರೆದರೆ ಇದೂ ನೆನಪಿರಲಿ: ಅದರ ಪ್ರತಿ 64 ಬೈಟಿನ ಪ್ಯಾಕೆಟ್ಟಿನ ಮೊದಲ 2 ಬೈಟ್ ಮೋಡೆಮ್ ಸ್ಥಿತಿ, ಡೇಟಾ ಅಲ್ಲ. ಡೇಟಾ ಇಲ್ಲದಾಗಲೂ ಆ ಎರಡು ಬರುತ್ತಲೇ ಇರುತ್ತವೆ. ಜೊತೆಗೆ ಪೂರ್ವನಿಯೋಜಿತವಾಗಿ 16 ಮಿಲಿಸೆಕೆಂಡ್ ಕೂಡಿಟ್ಟು ಕಳುಹಿಸುವ ಟೈಮರ್. ತಕ್ಕಡಿಗೆ ಅದು ಲೆಕ್ಕಕ್ಕಿಲ್ಲ.

ಸಾಲಿನ ಅರ್ಥ: ಹಲವು ಇಂಡಿಕೇಟರ್‌ಗಳು (ತಕ್ಕಡಿಯ ಅಂಕಿ ತೋರಿಸುವ ಡಬ್ಬಿಗಳು) ತೂಕದ ಮುಂದೆ ಗುರುತು ಕೊಡುತ್ತವೆ. ‘ಎಸ್‌ಟಿ’ ಎಂದರೆ ನಿಂತ ತೂಕ, ‘ಯುಎಸ್’ ಎಂದರೆ ಇನ್ನೂ ಅಲ್ಲಾಡುತ್ತಿದೆ, ‘ಒಎಲ್’ ಎಂದರೆ ಮಿತಿ ಮೀರಿದೆ. ಆಮೇಲೆ ‘ಜಿಎಸ್’ ಅಥವಾ ‘ಎನ್‌ಟಿ’: ಪಾತ್ರೆ ಸೇರಿದ ತೂಕ, ಪಾತ್ರೆ ಕಳೆದ ತೂಕ. ಈ ಗುರುತು ಇಲ್ಲದ ತಕ್ಕಡಿಯಾದರೆ ಸತತ 5 ಸಾಲು ಒಂದೇ ಸಂಖ್ಯೆ ಬಂದಾಗ ಮಾತ್ರ ಒಪ್ಪಿ. ಇನ್ನೂ ಮುಖ್ಯ: ಒಬ್ಬರ ತೂಕ ಉಳಿಸಿದ ಮೇಲೆ, ತಕ್ಕಡಿ ಸೊನ್ನೆಯ ಹತ್ತಿರಕ್ಕೆ ಇಳಿಯುವ ತನಕ ಮುಂದಿನ ನಮೂದು ತೆಗೆದುಕೊಳ್ಳಬೇಡಿ. ಇಲ್ಲದಿದ್ದರೆ ಒಂದೇ ಕ್ಯಾನು ಇಬ್ಬರ ಖಾತೆಗೆ ಹೋಗುತ್ತದೆ, ಜಗಳ ಆ್ಯಪ್ ಬರೆದವರ ಮನೆ ಬಾಗಿಲಿಗೆ ಬರುತ್ತದೆ.

ಸಂಖ್ಯೆಯಿಂದ ಪಠ್ಯ ಮಾಡಿ ತಕ್ಕಡಿಗೋ ಸರ್ವರಿಗೋ ಕಳುಹಿಸುವುದಿದ್ದರೆ ಲೊಕೇಲ್ (ಭಾಷೆ-ಪ್ರದೇಶದ ಸೆಟ್ಟಿಂಗ್) ಅನ್ನು ‘ರೂಟ್’ ಎಂದು ಸ್ಪಷ್ಟವಾಗಿ ಕೊಡಿ. ಬೆಳಗಾವಿ ಕಡೆ ಫೋನಿನ ಭಾಷೆ ಮರಾಠಿ ಇಟ್ಟುಕೊಂಡವರು ಇದ್ದಾರೆ. ಆಗ ಸ್ಟ್ರಿಂಗ್ ಫಾರ್ಮ್ಯಾಟ್ ದೇವನಾಗರಿ ಅಂಕಿ ಕೊಡುತ್ತದೆ. ಕನ್ನಡ ಲೊಕೇಲ್‌ನಲ್ಲಿ ಪೂರ್ವನಿಯೋಜಿತ 0-9 ಆದ್ದರಿಂದ ನಮ್ಮ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ.

ಮಲೆನಾಡ_ಕೋಡಿಗ

ಫ್ಲಟರ್ ಕಡೆ ಸ್ವಲ್ಪ. ಓದುವುದು, ಸಾಲು ಕತ್ತರಿಸುವುದು, ತೂಕ ನಿಂತಿದೆಯೇ ಎಂದು ನೋಡುವುದು ಎಲ್ಲ ಕೋಟ್ಲಿನ್‌ನಲ್ಲೇ ಇರಲಿ. ಫ್ಲಟರ್‌ನ ಭಾಷೆಯಾದ ಡಾರ್ಟ್‌ಗೆ ಹೋಗಬೇಕಾದ್ದು ಒಂದು ಸಂಖ್ಯೆ, ಒಂದು ಸ್ಥಿತಿ. ಕಚ್ಚಾ ಬೈಟ್‌ಗಳನ್ನು ಚಾನೆಲ್ ದಾಟಿಸಿ ಡಾರ್ಟ್‌ನಲ್ಲಿ ಬಿಡಿಸುವವರಿದ್ದಾರೆ, ಅದರಿಂದ ಲಾಭವೇನೂ ಇಲ್ಲ.

‘ತೆರೆ’, ‘ಮುಚ್ಚು’ ಆಜ್ಞೆಗಳಿಗೆ ಮೆಥಡ್‌ಚಾನೆಲ್, ನಿರಂತರ ತೂಕಕ್ಕೆ ಇವೆಂಟ್‌ಚಾನೆಲ್. ಓದುವ ಥ್ರೆಡ್‌ನಿಂದ ನೇರವಾಗಿ ಇವೆಂಟ್‌ಸಿಂಕ್ ಕರೆಯಬೇಡಿ, ಮುಖ್ಯ ಥ್ರೆಡ್‌ನಿಂದ ಮಾತ್ರ ಕರೆಯಬಹುದು ಎಂದು ಎಂಜಿನ್ ತಕರಾರು ತೆಗೆಯುತ್ತದೆ. ಮುಖ್ಯ ಲೂಪರಿನ ಹ್ಯಾಂಡ್ಲರಿಗೆ ಪೋಸ್ಟ್ ಮಾಡಿ. ಸೆಕೆಂಡಿಗೆ 10 ಸಲಕ್ಕಿಂತ ಹೆಚ್ಚು ಕಳುಹಿಸುವುದು ವ್ಯರ್ಥ.

ಹಾಟ್ ರೀಸ್ಟಾರ್ಟ್ ಮಾಡಿದಾಗ ಡಾರ್ಟ್ ಹೊಸದಾಗುತ್ತದೆ, ಕೋಟ್ಲಿನ್ ಹಾಗೇ ಇರುತ್ತದೆ. ಹಳೇ ಸಂಪರ್ಕ ಇನ್ನೂ ಇಂಟರ್‌ಫೇಸ್ ಹಿಡಿದಿರುತ್ತದೆ, ಹೊಸದಾಗಿ ತೆರೆಯಲು ಹೋದರೆ ಕ್ಲೇಮ್‌ಇಂಟರ್‌ಫೇಸ್ ‘ಸುಳ್ಳು’ ಎನ್ನುತ್ತದೆ. ‘ತೆರೆ’ ಆಜ್ಞೆ ಬಂದಾಗ ಹಳೆಯದು ಇದ್ದರೆ ಮೊದಲು ಮುಚ್ಚಿ. ಸಾಧನದ ಹೆಸರನ್ನು ಉಳಿಸಿಟ್ಟುಕೊಳ್ಳಬೇಡಿ: ಬಸ್ ಸಂಖ್ಯೆ, ಸಾಧನ ಸಂಖ್ಯೆ ಸೇರಿದ ಆ ದಾರಿ ಪ್ರತಿ ಸಲ ಚುಚ್ಚಿದಾಗಲೂ ಬದಲಾಗುತ್ತದೆ. ಕಿತ್ತ ಸುದ್ದಿಗೆ ಡಿಟ್ಯಾಚ್ಡ್ ಬ್ರಾಡ್‌ಕಾಸ್ಟ್ ಕೇಳಿ, ಜೋಡಿಸಿದ ಸುದ್ದಿ ಆ್ಯಕ್ಟಿವಿಟಿಯ ಆನ್‌ನ್ಯೂಇಂಟೆಂಟ್‌ಗೆ ಬರುತ್ತದೆ.

ಇನ್ನು ಪರದೆ ಆರುವ ವಿಷಯ. ಕೌಂಟರಿನ ಮೇಲೆ ಇಟ್ಟ ಫೋನಿನ ಪರದೆ ಆರಬೇಕೇಕೆ? ವಿಂಡೋಗೆ ಕೀಪ್-ಸ್ಕ್ರೀನ್-ಆನ್ ಫ್ಲ್ಯಾಗ್ ಹಾಕಿ ಮುಗಿಸಿ. ಅದಕ್ಕೆ ಯಾವ ಅನುಮತಿಯೂ ಬೇಡ.

ಸೊನ್ನೆಒಂದು

ಕಾರ್ಯದರ್ಶಿಗೆ ಕರೆ ಬಂದು ಆ್ಯಪ್ ಹಿಂದಕ್ಕೆ ಹೋದರೆ? ಹಿನ್ನೆಲೆ ಸೇವೆ ಬೇಕೇ ಬೇಕು.

ಮಲೆನಾಡ_ಕೋಡಿಗ

ಕರೆಯಲ್ಲಿರುವಾಗ ಯಾರೂ ಹಾಲು ತೂಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಸಂಪರ್ಕ ಕಡಿಯಬಾರದು ಎಂದರೆ ಫೋರ್‌ಗ್ರೌಂಡ್ ಸರ್ವಿಸ್ (ಸೂಚನೆ ತೋರಿಸುತ್ತ ಓಡುವ ಸೇವೆ). ಆಂಡ್ರಾಯ್ಡ್ 14ರಲ್ಲಿ ಅದರ ಬಗೆ ಹೇಳಲೇಬೇಕು, ಇಲ್ಲಿ ‘ಕನೆಕ್ಟೆಡ್ ಡಿವೈಸ್’. ಮ್ಯಾನಿಫೆಸ್ಟ್‌ನಲ್ಲಿ ಆ ಬಗೆಯ ಪ್ರತ್ಯೇಕ ಅನುಮತಿಯೂ ಬೇಕು. ಜೊತೆಗೆ, ಸರ್ವಿಸ್ ಶುರು ಮಾಡುವ ಹೊತ್ತಿಗೆ ಯುಎಸ್‌ಬಿ ಅನುಮತಿ ಸಿಕ್ಕಿರಬೇಕು ಅಥವಾ ಬ್ಲೂಟೂತ್ ಕನೆಕ್ಟ್‌ನಂಥ ಅನುಮತಿ ಇರಬೇಕು. ಮೊದಲು ಸರ್ವಿಸ್, ಆಮೇಲೆ ಯುಎಸ್‌ಬಿ ಎಂಬ ಕ್ರಮದಲ್ಲಿ ಬರೆದರೆ ಸೆಕ್ಯುರಿಟಿ ಎಕ್ಸೆಪ್ಷನ್ ಬೀಳುತ್ತದೆ. ಆಂಡ್ರಾಯ್ಡ್ 12ರಿಂದ ಆ್ಯಪ್ ಹಿನ್ನೆಲೆಯಲ್ಲಿರುವಾಗ ಇದನ್ನು ಶುರು ಮಾಡಲು ಸಾಮಾನ್ಯವಾಗಿ ಬಿಡುವುದಿಲ್ಲ, ಪರದೆ ಮುಂದಿರುವಾಗಲೇ ಮಾಡಿ. ಪರದೆ ಆರಿದರೂ ಓದಬೇಕೆಂದರೆ ಪಾರ್ಷಿಯಲ್ ವೇಕ್‌ಲಾಕ್ ಕೂಡ ಬೇಕು, ಬರೀ ಸರ್ವಿಸ್ ಪ್ರೊಸೆಸರನ್ನು ಎಚ್ಚರವಿಡುವುದಿಲ್ಲ. ಇಷ್ಟಾದ ಮೇಲೂ ಕೆಲವು ಕಂಪನಿಗಳ ಬ್ಯಾಟರಿ ಉಳಿತಾಯ ವ್ಯವಸ್ಥೆ ಆ್ಯಪ್‌ನ ಕತ್ತು ಹಿಸುಕುತ್ತದೆ, ಸೆಟ್ಟಿಂಗ್‌ನಲ್ಲಿ ‘ನಿರ್ಬಂಧ ಬೇಡ’ ಎಂದು ಕೈಯಾರೆ ಬದಲಿಸಬೇಕು.

ನೀಲಿಹಲ್ಲು

ಐಫೋನ್ ಪ್ರಶ್ನೆ ಯಾರೂ ಮುಟ್ಟಿಲ್ಲ. ಐಫೋನಿನಲ್ಲಿ ಈ ಕೇಬಲ್ ಕೆಲಸ ಮಾಡದು. ಐಫೋನ್ 15ರಿಂದ ಟೈಪ್-ಸಿ ಬಂದಿದ್ದರೂ ಕಚ್ಚಾ ಯುಎಸ್‌ಬಿ ಹಿಡಿಕೆ ಆ್ಯಪ್‌ಗೆ ಸಿಗುವುದಿಲ್ಲ. ಎಕ್ಸ್‌ಟರ್ನಲ್ ಆ್ಯಕ್ಸೆಸರಿ ಚೌಕಟ್ಟಿಗೆ ಆ್ಯಪಲ್‌ನ ಎಂಎಫ್‌ಐ ಪರವಾನಗಿ ಇರುವ ಸಾಧನ ಬೇಕು. ಡ್ರೈವರ್ ಬರೆಯಲು ಬಿಡುವ ಡ್ರೈವರ್‌ಕಿಟ್ ಇರುವುದು ಎಂ-ಸರಣಿ ಚಿಪ್ಪಿನ ಐಪ್ಯಾಡ್‌ಗಳಿಗೆ. ಎಚ್‌ಸಿ-05ರಂಥ ಹಳೇ ಬ್ಲೂಟೂತ್ ಮಾಡ್ಯೂಲ್ ಕೂಡ ಐಫೋನಿಗೆ ಆಗದು, ಅದು ಕ್ಲಾಸಿಕ್ ಸೀರಿಯಲ್ ಪ್ರೊಫೈಲ್. ಉಳಿದ ದಾರಿ ಬಿಎಲ್‌ಇ, ಅಂದರೆ ಕಡಿಮೆ ವಿದ್ಯುತ್ತಿನ ಬ್ಲೂಟೂತ್.

ಬ್ಲೂಟೂತ್ ಇರುವ ಇಎಸ್‌ಪಿ32 ಬೋರ್ಡ್, 3.3 ವೋಲ್ಟಿನಲ್ಲಿ ನಡೆಸುವ ಮ್ಯಾಕ್ಸ್3232, 5 ವೋಲ್ಟಿನ ಮಾಮೂಲಿ ಚಾರ್ಜರ್: ಇಷ್ಟೇ ಸಾಮಾನು. ತಕ್ಕಡಿಯ ಸಾಲನ್ನು ಬೋರ್ಡೇ ಓದಿ, ಬಿಡಿಸಿ, ತೂಕವನ್ನು ಗ್ರಾಂನಲ್ಲಿ 4 ಬೈಟ್, ಸ್ಥಿತಿ 1 ಬೈಟ್ ಮಾಡಿ ನೋಟಿಫೈ ಮಾಡಲಿ. ಆರಂಭಿಕ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ) 23, ಅದರಲ್ಲಿ ನಿಮಗೆ ಸಿಗುವುದು 20 ಬೈಟ್. 5 ಬೈಟ್ ಆದರೆ ಎಂಟಿಯು ಮಾತುಕತೆಯೇ ಬೇಡ. ಯುಆರ್ಟ್2 ಎಂಬ ಸೀರಿಯಲ್ ಘಟಕದ 16, 17 ಪಿನ್ ಬಳಸುವ ಮುನ್ನ ಮಾಡ್ಯೂಲ್ ಯಾವುದೆಂದು ನೋಡಿ, ರೋವರ್ ಮಾದರಿಯಲ್ಲಿ ಅವು ಹೆಚ್ಚುವರಿ ಮೆಮೊರಿಯಾದ ಪಿಎಸ್‌ರ‍್ಯಾಮ್‌ಗೆ ಹೋಗಿವೆ.

ಆಂಡ್ರಾಯ್ಡ್ ಕಡೆ ಎಡವುವ ಜಾಗಗಳು ಬೇರೆ. 12ರಿಂದ ಸ್ಕ್ಯಾನ್, ಕನೆಕ್ಟ್ ಎಂದು ಎರಡು ಅನುಮತಿ. 11 ಮತ್ತು ಹಿಂದೆ ಸ್ಥಳದ ಅನುಮತಿ ಬೇಕು, ಫೋನಿನ ಲೊಕೇಶನ್ ಸ್ವಿಚ್ಚೂ ಹೊತ್ತಿರಬೇಕು. ಅದು ಆರಿದ್ದರೆ ದೋಷವೂ ಇಲ್ಲ, ಫಲವೂ ಇಲ್ಲ, ಸುಮ್ಮನೆ ಏನೂ ಕಾಣುವುದಿಲ್ಲ. 30 ಸೆಕೆಂಡಿನಲ್ಲಿ 5ಕ್ಕಿಂತ ಹೆಚ್ಚು ಸಲ ಸ್ಕ್ಯಾನ್ ಶುರು ಮಾಡಿದರೂ ಹೀಗೇ ಆಗಬಹುದು. ‘ಮರುಹುಡುಕು’ ಗುಂಡಿಯನ್ನು ಪಟಪಟ ಒತ್ತುವವರಿಗೆ ಸಿಗುವ ಶಿಕ್ಷೆ ಅದು. ಗ್ಯಾಟ್ (ಬಿಎಲ್‌ಇಯಲ್ಲಿ ಓದುವ, ಬರೆಯುವ) ಕ್ರಿಯೆಗಳನ್ನು ಒಂದಾದ ಮೇಲೊಂದು ಮಾಡಿ, ಹಿಂದಿನದರ ಕಾಲ್‌ಬ್ಯಾಕ್ ಬರುವ ತನಕ ಕಾಯಿರಿ. ಸೆಟ್‌ನೋಟಿಫಿಕೇಶನ್ ಕರೆದರೆ ಫೋನ್ ಒಳಗೆ ಮಾತ್ರ ನೋಂದಣಿ, ಬೋರ್ಡಿಗೆ ತಿಳಿಯಬೇಕಾದರೆ 2902 ಡಿಸ್ಕ್ರಿಪ್ಟರಿಗೆ ಬರೆಯಬೇಕು. ಡಿಸ್ಕನೆಕ್ಟ್ ಮಾಡಿ ಕ್ಲೋಸ್ ಮರೆತರೆ ಒಳಗಿನ ಕ್ಲೈಂಟ್ ಸೋರಿ, ಕೊನೆಗೆ ಎಲ್ಲಕ್ಕೂ 133 ಎಂಬ ಒಂದೇ ದೋಷ ಸಂಖ್ಯೆ ಉತ್ತರ. 133 ಬಂದರೆ ಕ್ಲೋಸ್ ಮಾಡಿ, ಅರ್ಧ ಸೆಕೆಂಡ್ ಬಿಟ್ಟು ಮತ್ತೆ ಕನೆಕ್ಟ್ ಮಾಡಿ, ಟ್ರಾನ್ಸ್‌ಪೋರ್ಟ್ ‘ಎಲ್‌ಇ’ ಎಂದು ಸ್ಪಷ್ಟವಾಗಿ ಕೊಡಿ. 8 ಎಂದರೆ ಸಿಗ್ನಲ್ ಕಾಲಮಿತಿ ಮೀರಿತು, 19 ಎಂದರೆ ಬೋರ್ಡೇ ಕಡಿದುಕೊಂಡಿತು.

ಐಫೋನಿನಲ್ಲಿ ಇದಕ್ಕಿಂತ ಸಲೀಸು. ಬ್ಲೂಟೂತ್ ಏಕೆ ಬೇಕು ಎಂಬ ವಿವರಣೆಯನ್ನು ಇನ್ಫೋ ಫೈಲಿನಲ್ಲಿ ಬರೆಯದಿದ್ದರೆ ಆ್ಯಪ್ ನೇರ ಬೀಳುತ್ತದೆ, ಅದೊಂದು ನೆನಪಿರಲಿ. ಮ್ಯಾಕ್ ವಿಳಾಸ ಸಿಗುವುದಿಲ್ಲ, ಪ್ರತಿ ಫೋನಿಗೂ ಬೇರೆ ಯುಯುಐಡಿ. ಆದ್ದರಿಂದ ‘ಇದು ಯಾವ ತಕ್ಕಡಿ’ ಎಂಬ ಗುರುತನ್ನು ಜಾಹೀರಾತು ಪ್ಯಾಕೆಟ್ಟಿನಲ್ಲಿ ನೀವೇ ಇಡಿ.

ತಂತಿಗಂಟು

ಬಿಎಲ್‌ಇ ಚೆನ್ನ, ಆದರೆ ಅಕ್ಕಪಕ್ಕ ಎರಡು ತಕ್ಕಡಿ ಇದ್ದರೆ ತಪ್ಪು ತಕ್ಕಡಿಗೆ ಜೋಡಣೆಯಾಗುವ ಭಯ ಇದೆ. ಕೇಬಲ್ಲಿಗೆ ಆ ಭಯವಿಲ್ಲ. ಎಲ್ಲರೂ ಆಂಡ್ರಾಯ್ಡ್ ಆಗಿದ್ದರೆ ನನ್ನ ಮತ ತಂತಿಗೇ.

ಡೈರಿ_ಕೋಡು

ಸದ್ಯಕ್ಕೆ ತಂತಿ, ಐಫೋನ್ ಆಮೇಲೆ. ಕೊನೆಯ ಎರಡು ಪ್ರಶ್ನೆ: ಪೋರ್ಟ್ ತಕ್ಕಡಿಗೆ ಹೋದ ಮೇಲೆ ಫೋನ್ ಚಾರ್ಜ್ ಹೇಗೆ? ಲ್ಯಾಪ್‌ಟಾಪಿಗೆ ಚುಚ್ಚದೆ ಲಾಗ್ ನೋಡುವುದು ಹೇಗೆ?

ತಂತಿಗಂಟು

ಚಾರ್ಜಿಗೆ ಪಿಡಿ ಪಾಸ್‌ಥ್ರೂ (ಚಾರ್ಜರಿನ ವಿದ್ಯುತ್ತನ್ನು ಫೋನಿಗೆ ದಾಟಿಸುವುದು) ಇರುವ ಟೈಪ್-ಸಿ ಹಬ್. ಬರೀ ‘ಪವರ್ಡ್ ಹಬ್’ ಎಂದು ಬರೆದದ್ದು ಸಾಧನಗಳಿಗೆ ವಿದ್ಯುತ್ ಕೊಡುತ್ತದೆ, ಫೋನಿಗಲ್ಲ. ಹಬ್ಬಿಗೆ ಚಾರ್ಜರ್ ಚುಚ್ಚಿದ ಅಥವಾ ಕಿತ್ತ ಕ್ಷಣ ಸಂಪರ್ಕ ಒಮ್ಮೆ ಕಡಿದು ಮತ್ತೆ ಬರುವುದು ಸಾಮಾನ್ಯ. ಕರೆಂಟ್ ಹೋದಾಗಲೂ ಅದೇ. ನಮ್ಮ ಹಳ್ಳಿಗಳಲ್ಲಿ ಇದನ್ನು ಅಪರೂಪ ಎನ್ನಲಾಗದು, ಮರುಜೋಡಣೆಯ ಕೋಡನ್ನು ಮೊದಲೇ ಗಟ್ಟಿ ಮಾಡಿ. ಎಲ್ಲ ಫೋನೂ ಡೇಟಾ ಯಜಮಾನನಾಗಿದ್ದುಕೊಂಡೇ ವಿದ್ಯುತ್ ತೆಗೆದುಕೊಳ್ಳಲು ಒಪ್ಪುವುದಿಲ್ಲ, ಕೊಳ್ಳುವ ಮುನ್ನ ಅದೇ ಫೋನಿನಲ್ಲಿ ಪರೀಕ್ಷಿಸಿ. ಹಳೇ ಮೈಕ್ರೋ ಯುಎಸ್‌ಬಿ ಫೋನ್‌ಗಳಲ್ಲಿ ಬಹುಪಾಲು ಇದು ಆಗದು.

ಮಲೆನಾಡ_ಕೋಡಿಗ

ಲಾಗ್‌ಗೆ ವೈಫೈ ಎಡಿಬಿ (ಲ್ಯಾಪ್‌ಟಾಪಿನಿಂದ ಫೋನಿಗೆ ಆಜ್ಞೆ ಕೊಡುವ ಸಲಕರಣೆ). ಆಂಡ್ರಾಯ್ಡ್ 11ರಿಂದ ಡೆವಲಪರ್ ಆಯ್ಕೆಗಳಲ್ಲಿ ‘ವೈರ್‌ಲೆಸ್ ಡೀಬಗಿಂಗ್’ ಇದೆ. ಮೊದಲು ಎಡಿಬಿ ಪೇರ್, ಫೋನ್ ತೋರಿಸುವ 6 ಅಂಕಿಯ ಸಂಕೇತ ಕೊಡಿ. ಆಮೇಲೆ ಎಡಿಬಿ ಕನೆಕ್ಟ್. ಎರಡಕ್ಕೂ ಪೋರ್ಟ್ ಸಂಖ್ಯೆ ಬೇರೆ: ಜೋಡಿಸುವಾಗ ಡಬ್ಬಿಯಲ್ಲಿ ಕಂಡದ್ದು ಒಂದು, ಮುಖ್ಯ ಪರದೆಯಲ್ಲಿರುವುದು ಇನ್ನೊಂದು. 10 ಮತ್ತು ಹಿಂದಿನ ಫೋನ್‌ಗಳಿಗೆ ಒಮ್ಮೆ ಕೇಬಲ್ ಚುಚ್ಚಿ ಎಡಿಬಿ ಟಿಸಿಪಿಐಪಿ 5555 ಕೊಟ್ಟು ಆಮೇಲೆ ಕಿತ್ತರಾಯಿತು.

ಸಂಪರ್ಕವಾದ ಮೇಲೆ ಎಡಿಬಿ ಶೆಲ್‌ನಲ್ಲಿ ಡಂಪ್‌ಸಿಸ್ ಯುಎಸ್‌ಬಿ ಕೊಡಿ. ಫೋನಿಗೆ ಯಾವ ಸಾಧನ ಕಂಡಿದೆ ಎಂಬುದು ಅಲ್ಲೇ ಬರುತ್ತದೆ. ಅಲ್ಲಿ 6790 ಇಲ್ಲದಿದ್ದರೆ ನಿಮ್ಮ ಕೋಡ್ ನೋಡುವುದು ಬೇಡ, ಅಡಾಪ್ಟರ್ ಮತ್ತು ಓಟಿಜಿ ಸ್ವಿಚ್ ನೋಡಿ.